ಫಾಲ್ಗುಣದಲ್ಲಿ ಮಾವಿನ ರಸ

ಆಗ ನಮ್ಮ ಕಲ್ಯಾಣದುರ್ಗದಲ್ಲಿ ಪ್ರತಿ ಹಣ್ಣಿಗೂ ಅದರದ್ದೇ ತಿಂಗಳಿತ್ತು. ಮಾವು ಬೇಕೆಂದರೆ ವೈಶಾಖದವರೆಗೆ ಬಾಯಿ ಕಟ್ಟಿಕೊಂಡು ಕೂರಬೇಕು. ಫಾಲ್ಗುಣವೆಂದರೆ ಹುಣಸೆ. ಪಡಸಾಲೆಯಲ್ಲಿ ಸೊಂಟದೆತ್ತರ ರಾಶಿ, ಬೀಜ ಬಿಡಿಸುವ ಹೆಂಗಸರ ಸುತ್ತಿಗೆಯ ಟಕ್‌ಟಕ್, ಮೂಗಿಗೇರುವ ಹುಳಿ ವಾಸನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಆ ವರ್ಷವೇ ಅಪ್ಪನ ಜೊತೆ ಕೆಲಸಕ್ಕೆ ಇಳಿದಿದ್ದೆ. ಹುಣಸೆಯನ್ನು ಬೆರಳಲ್ಲಿ ಒತ್ತಿದರೆ ಸಾಕು, ಹೊಸದೋ ಹಳೆಯದೋ ಹೇಳುತ್ತಿದ್ದೆ. ಆ ಜಂಬ ನನಗೆ ಬಹಳ.

ರೊದ್ದಂ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ಅಕ್ಕ ಗಂಗಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳಿಗೆ ಮಾವಿನಹಣ್ಣಿನ ಬಯಕೆ.

“ಬಸುರೇರೆಲ್ಲ ಕದ್ದು ಹುಣಸೇಹಣ್ಣು ತಿಂತಾರೆ. ಇವ್ಳಿಗೆ ರಾಶಿ ಪಕ್ಕ ಕೂತ್ಕಂಡು ಮಾವು ಬೇಕಂತೆ ಕಣಮ್ಮ!” ಎಂದು ಅಜ್ಜಿ ಕೆಲಸದ ಹೆಂಗಸರನ್ನು ನಗಿಸಿದಳು.

ಅಕ್ಕ ನಗಲಿಲ್ಲ. ಅವಳಿಗೆ ಅನ್ನವೇ ಸೇರುತ್ತಿರಲಿಲ್ಲ. ಹಿಂದೂಪುರದಲ್ಲಿ ಮಾವಿನ ರಸವನ್ನು ಮುಚ್ಚಿಟ್ಟು ವರ್ಷವಿಡೀ ಮಾರುತ್ತಾರಂತೆ ಎಂದು ಯಾರೋ ಹೇಳಿದ್ದರು. ಅಲ್ಲಿನ ಮಾರುಕಟ್ಟೆಗೆ ಹುಣಸೆ ಹಾಕಲು ಅಪ್ಪನ ಜೊತೆ ಹೊರಟವನು, “ನಾನ್ ತತ್ತೀನಿ ಕಣಕ್ಕ” ಎಂದು ಮಾತು ಕೊಟ್ಟೆ.

ಅಂಗಡಿಯವನು ಒಂದು ಅಗಲದ ಸೀಸೆ, ಒಂದು ಉದ್ದ ಸೀಸೆ, ಒಂದು ಡಬ್ಬಿ ತಂದಿಟ್ಟ. “ಸ್ಕ್ವಾಷಾ, ಸಿರಪ್ಪಾ, ಜ್ಯೂಸಾ? ಏದಿ ಕಾವಾಲಿ ಬಾಬು?” ಒಂದೊಂದನ್ನೇ ಸಾಲಾಗಿ ಮುಟ್ಟಿ, ಯಾವುದು ಬೇಕೆಂದು ತೆಲುಗಿನಲ್ಲಿ ಕೇಳಿದ.

ಭೇದವೇನೆಂದು ಒಂದು ಮಾತು ಕೇಳಬಹುದಿತ್ತು. ಅಕ್ಷರವೆಲ್ಲ ಇಂಗ್ಲಿಷು. ಕೇಳಿದರೆ ಓದು ಬಾರದವನೆಂದು ಗೊತ್ತಾಗಿಬಿಡುತ್ತದಲ್ಲ! ಡಬ್ಬಿಯ ಮೇಲೆ ಚಿತ್ರವೇ ಇರಲಿಲ್ಲ. ಉದ್ದ ಸೀಸೆಯ ಮೇಲೆ ಕೆಂಪಗೆ ಹಣ್ಣಾದ ಮಾವು. ಅದನ್ನೇ ಎತ್ತಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಅಜ್ಜಿ ನೀರು ಬೆರೆಸಿ ಮೊದಲು ತಾನೇ ರುಚಿ ನೋಡಿದಳು. “ಥೂ, ಸಕ್ಕರೆ ನೀರಿಗೆ ಬಣ್ಣ ಕಟ್ಟವ್ರೆ. ಹಣ್ಣೆಲ್ಲೈತ್ಲಾ ಇದ್ರಾಗೆ? ಟೋಪಿ ಹಾಕ್ಬುಟ್ಟ ನಿಂಗೆ!”

ನನ್ನ ಮುಖ ಸಣ್ಣದಾಯಿತು. ಅಕ್ಕ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದಳು. ನನ್ನನ್ನೇ ನೋಡಿದಳು.

“ನಿನ್ ಜೇಬಾಗೆ ಹುಣಸೇಹಣ್ಣು ಇರ್ತೈತಲ್ಲ, ತಾ ಇಲ್ಲಿ.”

ಉಪ್ಪು ಮೆತ್ತಿದ ಉಂಡೆಯಿಂದ ಚೂರು ಚಿವುಟಿ, ಲೋಟದಲ್ಲಿ ಕಿವುಚಿ, ಕಣ್ಣು ಮುಚ್ಚಿ ಪೂರಾ ಕುಡಿದಳು. “ನಮ್ ಬಾವಿ ಪಕ್ಕದ ಮಾವಿನ್ ಮರದ ಹಣ್ಣಿನ್ ರುಚಿನೇ ಕಣಜ್ಜಿ. ಒಳ್ಳೇದೇ ತಂದವ್ನೆ ನನ್ ತಮ್ಮ.” ಆಮೇಲೆ ಎರಡು ತುತ್ತು ಅನ್ನವನ್ನೂ ಉಂಡಳು.

ಮುಂದೆ ನಾನು ಅದೇ ಹಿಂದೂಪುರದಲ್ಲಿ ಮೂಟೆ ಹೊತ್ತೆ, ಸ್ವಂತ ಅಂಗಡಿ ಇಟ್ಟೆ. ಮಾರಿ ಮಾರಿಯೇ ಕಲಿತೆ. ಸಿರಪ್ಪೆಂದರೆ ಸಕ್ಕರೆ, ಬಣ್ಣ, ಘಮ. ಸ್ಕ್ವಾಷಿನಲ್ಲಿ ಒಂದಿಷ್ಟು ಹಣ್ಣೂ ಉಂಟು. ನಾನು ಬಿಟ್ಟು ಬಂದ ಡಬ್ಬಿಯಲ್ಲೇ ನಿಜವಾದ ರಸವಿದ್ದದ್ದು. ಈಗ ರಸ ತುಂಬಿ ಬರುವ ರಟ್ಟಿನ ಪೆಟ್ಟಿಗೆಗಳಲ್ಲೂ ಮುಂದಿನ ಚಿತ್ರ ನೋಡುವುದಿಲ್ಲ, ಹಿಂದಿನ ಸಣ್ಣಕ್ಷರ ಕೂಡಿಸಿಕೊಂಡು ಓದುತ್ತೇನೆ.

ಅಕ್ಕ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, ಹತ್ತು ಪೆಟ್ಟಿಗೆ ತಿರುಗಿಸಿ ನೋಡಿ ಪೂರಾ ಮಾವಿನದೇ ರಸ ಒಯ್ದೆ. ಆಗಲೂ ಫಾಲ್ಗುಣವೇ. ಎರಡು ಗುಟುಕು ಕುಡಿದು ನನ್ನನ್ನೇ ನೋಡಿದಳು.

“ಒಳ್ಳೇದೇ ಕಣ್ಲಾ. ಜೇಬಾಗೆ ಹುಣಸೇಹಣ್ಣು ಐತಾ?”

ಕೈ ತಾನಾಗಿ ಜೇಬಿಗೆ ಹೋಯಿತು. ಕನ್ನಡಕದ ಡಬ್ಬಿ, ಅಂಗಡಿಯ ಬೀಗದ ಕೈ, ಬಸ್ಸಿನ ಚೀಟಿ. ಹುಣಸೆ ಇರಲಿಲ್ಲ.