ಅಮೆರಿಕದಲ್ಲಿ ದಿನಾ ಸಾಯುವ ಏಳುಮಲೈ

"ನಿನ್ನನ್ನ ಇಲ್ಲಿಗೆ ಕರೆಸಿರೋದು ಸಾಯೋಕೆ, ಏಳುಮಲೈ. ಸಾಯಿ, ಟೀ ಕುಡಿ, ಮನೆಗೆ ಹೋಗು. ಸಿನಿಮಾ ಹೇಗಿದೆ ಅಂತ ನಿನ್ನ ಕೇಳಿದ್ದು ಯಾರು?"

ಗಾಜಿನ ಕೋಣೆಯಲ್ಲಿ ಕೂತ ಡಬ್ಬಿಂಗ್ ನಿರ್ದೇಶಕ ಕದಿರವನ್ ಆಡಿದ ಮಾತು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತದೆ. ಚೆನ್ನೈನ ಸಾಲಿಗ್ರಾಮಂ ಬಡಾವಣೆಯ ಈ ಸ್ಟುಡಿಯೋದಲ್ಲಿ ಬೆಳಗಾಗುತ್ತಲೇ ಕೆಲಸ ಶುರುವಾಗಿದೆ. ಒಂದೇ ಮೈಕಿನ ಸುತ್ತ ನಿಂತವರು ತಂತಮ್ಮ ಬರಿಗಾಲು ನೋಡಿಕೊಳ್ಳುತ್ತಾರೆ. ಕದಿರವನ್ ಪಕ್ಕದಲ್ಲಿ ಚಿತ್ರದ ಕಂಪನಿಯ ಪರವಾಗಿ ಮುಂಬೈಯಿಂದ ಬಂದ ಮೇಡಂ ಇದ್ದಾರೆ. ಅವರೂ ತಮಿಳಿನವರೇ. ಅವರು ತಲೆ ಎತ್ತುವುದಿಲ್ಲ.

ಐವತ್ತು ದಾಟಿದ ಏಳುಮಲೈ ಈ ಬೀದಿಗೆಲ್ಲ ಅಣ್ಣ. ಕದಿರವನ್‌ಗೂ ನಿನ್ನೆಯವರೆಗೆ ಅಣ್ಣನೇ. ಇವತ್ತು ಏಕವಚನ.

ಅವರು ಮಾಡಿದ ತಪ್ಪು ಇಷ್ಟೇ. ಪರದೆಯ ಮೇಲೆ ಸೇತುವೆ ಕುಸಿಯುತ್ತಿತ್ತು. ಹಾರುವ ನಾಯಕ ಇನ್ನೊಂದು ಲೋಕದಿಂದ ಬಂದ ತನ್ನದೇ ತದ್ರೂಪಿಯ ಜೊತೆ ಗುದ್ದಾಡುತ್ತ ಜೋಕು ಹೊಡೆಯುತ್ತಿದ್ದ. ಏಳುಮಲೈ ಮೈಕ್ ತೆರೆದಿರುವಾಗಲೇ ಅಂದರು: "ಕೆಳಗೆ ಬಸ್ಸು ನೇತಾಡ್ತಿದೆ ಸಾರ್. ಒಂದು ಸಲನಾದ್ರೂ ಬಗ್ಗಿ ನೋಡಿದ್ನಾ? ಇವನ್ಯಾವ ಸೀಮೆ ಹೀರೋ?"

ಏಳುಮಲೈ ಗುಂಪಿನ ದನಿ. ಸೂಪರ್ ಹೀರೋ ಚಿತ್ರಗಳು ತಮಿಳಿಗೆ ಬರುವಾಗ ಬೀದಿಯಲ್ಲಿ ಓಡುವವರು, ಕಾರಿನೊಳಗೆ ಸಿಕ್ಕಿಬೀಳುವವರು, ಕಟ್ಟಡದಡಿ ಹೂತುಹೋಗುವವರು ಎಲ್ಲ ಇವರೇ. ಮೈಕಿನ ಸುತ್ತ ತಿರುಗುತ್ತ ಕೂಗಿದರೆ ಓಡಿದ ಹಾಗೆ. ಬೆನ್ನು ಹಾಕಿ ಕೂಗಿದರೆ ದೂರದಲ್ಲಿದ್ದ ಹಾಗೆ. ಬಾಯಿಗೆ ಟವೆಲ್ ಒತ್ತಿಕೊಂಡರೆ ಮಣ್ಣಿನಡಿ. ನಾಯಕನಿಗೆ ದನಿ ಕೊಟ್ಟವನ ಸಂದರ್ಶನ ಟೀವಿಯಲ್ಲಿ ಬರುತ್ತದೆ. ಸತ್ತವರ ಸಂದರ್ಶನ ಯಾರೂ ಮಾಡುವುದಿಲ್ಲ.

ಈ ಕೆಲಸಕ್ಕೊಂದು ಕಟ್ಟುನಿಟ್ಟು ಇದೆ. ಯಾರ ಹೆಸರನ್ನೂ ಕೂಗಬಾರದು, ದೇವರನ್ನೂ ಕರೆಯಬಾರದು. ಹೊಸದರಲ್ಲಿ ಏಳುಮಲೈ ನ್ಯೂಯಾರ್ಕಿನ ಗೋಪುರವೊಂದು ಬೀಳುವಾಗ "ಮುರುಗಾ" ಎಂದು ಅರಚಿಬಿಟ್ಟಿದ್ದರು. ಯಾರ ಕಿವಿಗೂ ಬೀಳದೆ ಅದು ಹಾಗೇ ಬಿಡುಗಡೆಯಾಗಿ, ಮಧುರೆಯ ಥಿಯೇಟರಿನಲ್ಲಿ ಜನ ಎದ್ದು ವಿಸಿಲ್ ಹೊಡೆದರು. ಆಮೇಲೆ ಬಹಳ ದಿನ ಇವರನ್ನು ಯಾರೂ ಕರೆಯಲಿಲ್ಲ. "ಭಯ ನಿಜವಾಗಿ ಬಂತು. ಅದಕ್ಕೇ ತಪ್ಪಾಯ್ತು," ಅನ್ನುತ್ತಾರೆ.

ಈ ಹೀರೋಗಳ ಹುಚ್ಚು ಹಿಡಿದದ್ದು ಹುಡುಗನಾಗಿದ್ದಾಗ, ಚೆನ್ನೈನದೇ ವ್ಯಾಸರಪಾಡಿಯಲ್ಲಿ. ಅಪ್ಪನದು ಹಳೇ ಪೇಪರ್ ವ್ಯಾಪಾರ. ಮೂಟೆಯಲ್ಲಿ ಬಂದ ಕಾಮಿಕ್ಸ್ ಪುಸ್ತಕಗಳನ್ನು ತಕ್ಕಡಿಗೆ ಹೋಗುವ ಮುಂಚೆ ಓದಿ ಮುಗಿಸಬೇಕಿತ್ತು. ಎಷ್ಟೋ ಕತೆಗಳ ಕೊನೆಯ ಹಾಳೆ ಇರುತ್ತಿರಲಿಲ್ಲ. ನಾಯಕ ಬಂದೇ ಬರುತ್ತಾನೆ ಎಂದು ತಾವೇ ಮುಗಿಸಿಕೊಳ್ಳುತ್ತಿದ್ದರು. ಶಾಲೆ ಎಂಟನೇ ತರಗತಿಗೆ ನಿಂತಿತು, ಓದು ನಿಲ್ಲಲಿಲ್ಲ. ಈಗಲೂ ಹೊಸ ಚಿತ್ರ ಬಂದರೆ ಮೊದಲ ಆಟಕ್ಕೆ ಹೋಗುತ್ತಾರೆ. "ಇಲಿ ಕಂಡ್ರೆ ಮಂಚ ಹತ್ತೋ ಮನುಷ್ಯ. ಲೋಕ ಉಳಿಸೋರ ಮೇಲೆ ಮಾತ್ರ ಭಾರೀ ಸಿಟ್ಟು," ಎಂದು ಹೆಂಡತಿ ಧನಂ ಕಾಲೆಳೆಯುತ್ತಾರೆ.

ಟೀ ಹೊತ್ತಿಗೆ ಗೇಟಿನಾಚೆ ಆ ಸಿಟ್ಟು ಹೊರಬರುತ್ತದೆ.

"ಹೊಸ ಸೀರಿಯಲ್ ಎಂಟು ಕಂತು ನೋಡಿದೆ. ಏಳು ಕಂತು ಅಪ್ಪನ ಮೇಲೆ ಮುನಿಸು. ಎಂಟನೇದರಲ್ಲಿ ವೇಷ ಹಾಕ್ಕೊಂಡ, ಕತೆ ಮುಗೀತು. ಅದೂ ಪೂರ್ತಿ ಕತ್ತಲೆ. ಕರೆಂಟ್ ಬಿಲ್ ಕಟ್ಟಿರಲಿಲ್ವೇನೋ."

"ನಿಮ್ಮ ಕಾಲದ ಹೀರೋ ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕೊಳ್ತಿದ್ದ ಅಣ್ಣಾ," ಅನ್ನುತ್ತಾರೆ ಜೊತೆಗಾರ್ತಿ ವಡಿವು.

"ಹಾಕ್ಕೊಳ್ಲಿ ಬಿಡಮ್ಮಾ. ಮರ ಹತ್ತಿ ಕೂತ ಬೆಕ್ಕನ್ನೂ ಇಳಿಸ್ತಿದ್ದ. ಈಗಿನವರು ಸತ್ತ ನಾಯಕನ ಬದಲಿಗೆ ಪಕ್ಕದ ಲೋಕದಿಂದ ಇನ್ನೊಬ್ಬನ್ನ ತರ್ತಾರೆ. ಬಸ್ಸಲ್ಲಿ ಸತ್ತೋರಿಗೆ ಪಕ್ಕದ ಲೋಕ ಇಲ್ವಾ?"

"ಹಾಗಾದ್ರೆ ಹೊಸದೆಲ್ಲಾ ಕಸಾನಾ?"

"ಹಾಗಲ್ಲ. ಹೆಂಗಸರಿಗೆ ಶಕ್ತಿ ಕೊಟ್ಟೋರು ಈಗಿನವರೇ. ಹಳೇ ಕತೇಲಿ ಅವರಿಗೂ ಕಿರುಚೋದೊಂದೇ ಕೆಲಸ, ನಮ್ಮ ಥರ."

ದೂರು ಅಭಿಮಾನಿಯದಷ್ಟೇ ಅಲ್ಲ, ಕೆಲಸಗಾರನದೂ ಹೌದು. ಮೊದಲೆಲ್ಲ ಚಿತ್ರದಲ್ಲಿ ಬದುಕಿ ಉಳಿದವರು ಇರುತ್ತಿದ್ದರು. ನಾಯಕ ಎತ್ತಿ ತಂದು ಫುಟ್‌ಪಾತಿನಲ್ಲಿ ಇಳಿಸಿದಾಗ ಅವರಿಗೊಂದು ಮಾತು ಇರುತ್ತಿತ್ತು. ಆ ಮಾತು ಇವರ ಪಾಲಿಗೆ ಒಮ್ಮೆಯೂ ಬರಲಿಲ್ಲ. ಈಗ ಉಳಿಯುವವರೇ ಇಲ್ಲ.

ಈ ಚಿತ್ರದಲ್ಲಿ ಒಬ್ಬನಿದ್ದಾನೆ, ಬಸ್ಸಿನ ಡ್ರೈವರ್. ಅವನನ್ನೂ ನಾಯಕ ಉಳಿಸುವುದಿಲ್ಲ, ಬೆಂಕಿ ಆರಿಸುವವರು ಹಗ್ಗ ಕಟ್ಟಿ ಎಳೆಯುತ್ತಾರೆ. ನೆಲ ಮುಟ್ಟಿದ ಮೇಲೆ ಅವನದೊಂದು ಸಾಲು: "ಉಸಿರಾಡ್ತಿದೀನಿ. ನೋಡ್ರಪ್ಪಾ, ಇನ್ನೂ ಉಸಿರಾಡ್ತಿದೀನಿ." ಅದನ್ನು ಏಳುಮಲೈಗೇ ಕೊಡುವುದಾಗಿ ಕದಿರವನ್ ಹೋದ ವಾರವೇ ಮಾತು ಕೊಟ್ಟಿದ್ದಾರೆ. ಇವರು ಮನೆಯಲ್ಲಿ ಧನಂ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಾರೆ. ಬೆಳಗಿನ ಬೈಗುಳದ ನಂತರ ಅದು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

"ದೊಡ್ಡ ಪಾರ್ಟು ಬೇಡ. ಒಂದೇ ಒಂದು ಸಲ ಬದುಕಬೇಕು, ಅಷ್ಟೇ," ಅನ್ನುತ್ತಾರೆ, ಶುಂಠಿ ಕಾಫಿಯನ್ನು ಗಂಟಲಲ್ಲೇ ನಿಲ್ಲಿಸಿ ನಿಧಾನ ನುಂಗುತ್ತ. ಕೂಗಿ ಕೂಗಿ ಆ ಗಂಟಲಿನಿಂದ ಹಿಂದೊಮ್ಮೆ ರಕ್ತ ಬಂದಿತ್ತು.

ಊಟವಾದ ಮೇಲೆ ಡ್ರೈವರನ ದೃಶ್ಯ ಬರುತ್ತದೆ. ಅವನ ಮುಖ ಪರದೆ ತುಂಬ ನಿಂತಿದೆ, ಬಾಯಿ ಅರ್ಧ ತೆರೆದಿದೆ. ಕದಿರವನ್ ಈ ಸಲ ಸ್ಪೀಕರಿನಲ್ಲಿ ಮಾತಾಡುವುದಿಲ್ಲ. ಎದ್ದು ಬಂದು ಏಳುಮಲೈ ಭುಜದ ಮೇಲೆ ಕೈ ಇಡುತ್ತಾರೆ.

"ಅಣ್ಣಾ, ಬೆಳಿಗ್ಗೆ ಬಾಯಿ ಜಾರಿತು. ಆದ್ರೆ ಮೇಡಂ ಎದುರಿಗೇ ಅವರ ಸಿನಿಮಾ ಬೈದುಬಿಟ್ರಿ ನೀವು. ಮುಂದಿನ ಚಿತ್ರ ಇನ್ನೊಬ್ಬರಿಗೆ ಹೋದ್ರೆ ಇಲ್ಲಿರೋರೆಲ್ಲ ಮನೇಲಿ ಕೂರ್ಬೇಕು. ಒಂದು ಮಾತು ಹೇಳ್ಬಿಡಿ. ತಮಾಷೆಗೆ ಅಂದೆ, ಇವನು ಒಳ್ಳೇ ಹೀರೋ, ಸಿನಿಮಾ ಚೆನ್ನಾಗಿದೆ ಅಂತ. ಡ್ರೈವರ್ ನಿಮಗೇ."

ಮೇಡಂ ಗಾಜಿನಾಚೆಯಿಂದ ನೋಡುತ್ತಿದ್ದಾರೆ. ಮೈಕ್ ತೆರೆದಿದೆ.

"ಹೇಳಿ ಅಣ್ಣಾ," ಅನ್ನುತ್ತಾರೆ ವಡಿವು ಮೆಲ್ಲಗೆ. "ಹೇಳಿದ್ರೆ ಏನು ಹೋಗುತ್ತೆ?"

ಏಳುಮಲೈ ಡ್ರೈವರನ ಮುಖವನ್ನು ನೋಡುತ್ತ ನಿಲ್ಲುತ್ತಾರೆ. ಮೈಕಿನ ಹತ್ತಿರ ಒಂದು ಹೆಜ್ಜೆ ಹೋಗುತ್ತಾರೆ. ಅಲ್ಲಿ ನೇತುಹಾಕಿದ್ದ ತಮ್ಮ ಟವೆಲ್ ತೆಗೆದುಕೊಂಡು ಮಡಿಸಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ದಪ್ಪ ಬಾಗಿಲು ತಳ್ಳಿ, ಹೊರಗಿನ ಚಪ್ಪಲಿ ರಾಶಿಯಲ್ಲಿ ತಮ್ಮವನ್ನು ಕಾಲಿನಿಂದಲೇ ಹುಡುಕಿಕೊಳ್ಳುತ್ತಾರೆ.

"ಅಣ್ಣಾ, ಏನ್ ಹೇಳ್ತೀರಾ?" ಕದಿರವನ್ ಬಾಗಿಲವರೆಗೂ ಬಂದು ಕೇಳುತ್ತಾರೆ.

ಏಳುಮಲೈ ಆಗಲೇ ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆಯುತ್ತಿದ್ದಾರೆ.