ಬಾಲ್ ಹಾಕಿದ ಮೇಲೆ ಎಲ್ಲಿಗೆ ಓಡಬೇಕು?

ಸೋಲೇ ಗೆಲುವಿನ ಸೋಪಾನ ಎಂದು ಹಿರಿಯರು ಹೇಳಿದ್ದಾರೆ. ಹೇಳಿದ ಹಿರಿಯರಲ್ಲಿ ಒಬ್ಬರೂ ಬ್ಯಾಸ್ಕೆಟ್‌ಬಾಲ್ ಆಡಿದಂತೆ ಕಾಣುವುದಿಲ್ಲ.

ನಮ್ಮ ಚಳ್ಳಕೆರೆಯ ಒಂದು ಕಾಲೇಜಿನ (ಹೆಸರು ಬೇಡ, ನಾನು ಇದೇ ಊರಲ್ಲಿ ಬದುಕಬೇಕು) ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಇಂಥ ಒಂಬತ್ತು ಸೋಪಾನಗಳನ್ನು ಸಾಲಾಗಿ ಹತ್ತಿತ್ತು. ಹತ್ತಿ ನೋಡಿದರೆ ಅಲ್ಲಿ ಗೆಲುವು ಇರಲಿಲ್ಲ. ಹತ್ತನೆಯ ಸೋಪಾನ ಇತ್ತು.

ಆಗ ಪ್ರಿನ್ಸಿಪಾಲರು ನನಗೆ ಫೋನ್ ಮಾಡಿದರು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. 'ಸಾರ್, ನೀವು ಕಾಲೇಜಿನಾಗೆ ಆಡಿದೋರು. ಒಂದ್ಸಲ ಬಂದು ನೋಡ್ರಿ. ಆಟದ ತಂತ್ರ ಏನಾರ ಬದ್ಲಾಯಿಸ್ಬೇಕು.'

ಆಡಿದೋರು ಎಂಬುದು ಉದಾರವಾದ ಮಾತು. ನಾನು ಆಡಿದ್ದು ನಲವತ್ತು ವರ್ಷದ ಹಿಂದೆ, ಅದೂ ಹೆಚ್ಚಾಗಿ ಬೆಂಚಿನ ಮೇಲೆ. ಆದರೆ ಸಲಹೆ ಕೊಡುವುದಕ್ಕೆ ಬೆಂಚಿನವನಷ್ಟು ಅರ್ಹ ಇನ್ನೊಬ್ಬನಿಲ್ಲ. ಅವನಿಗೆ ಬೇರೆ ಕೆಲಸವೇ ಇರುವುದಿಲ್ಲ.

ಹೋದೆ. ಮೊದಲು ಸ್ಟಾಫ್ ರೂಮಿನಲ್ಲಿ ಸಭೆ. (ನಮ್ಮಲ್ಲಿ ಕಾಲು ಉಳುಕಿದರೂ ಮೊದಲು ಸಭೆ, ಆಮೇಲೆ ಎಣ್ಣೆ.) ಕೆಮಿಸ್ಟ್ರಿಯವರು ಗ್ಲೂಕೋಸ್ ಸಾಲದು ಎಂದರು. ಕನ್ನಡದವರು ಆತ್ಮವಿಶ್ವಾಸ ಸಾಲದು ಎಂದರು. ಕಾಮರ್ಸಿನವರು ಜರ್ಸಿಯ ಹಸಿರು ಬಣ್ಣ ಆಗಿಬರುತ್ತಿಲ್ಲ ಎಂದು ಪತ್ತೆ ಹಚ್ಚಿದ್ದರು. ಪಿ.ಇ. ಮೇಷ್ಟ್ರು ತಿಪ್ಪೇಸ್ವಾಮಿ ಮಾತ್ರ ನೆಲ ನೋಡುತ್ತಾ ಕೂತಿದ್ದರು. ಅವರು ಖೋ-ಖೋದಲ್ಲಿ ಹೆಸರು ಮಾಡಿದವರು.

'ನಂಗೆ ಕೂರ್ಸಿ ಓಡ್ಸಾದು ಗೊತ್ತೈತೆ ಸಾರ್. ಹಾರಿ ಹಾಕ್ಸಾದು ಗೊತ್ತಿಲ್ಲ' ಎಂದರು. ಇಡೀ ಸಭೆಯಲ್ಲಿ ನಿಜ ಹೇಳಿದವರು ಅವರೊಬ್ಬರೇ. ಹಾಗಾಗಿ ಯಾರೂ ಅದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ಕೋರ್ಟಿಗೆ ಹೋದೆವು. ಕೋರ್ಟಿಗೆ ಎನ್ನುವುದಕ್ಕಿಂತ ಅರ್ಧ ಕೋರ್ಟಿಗೆ. ಉಳಿದ ಅರ್ಧದ ಮೇಲೆ ಬಯಲು ವೇದಿಕೆ ಇದೆ. ಕಾಲೇಜು ಕಮಿಟಿಯ ಕಾರ್ಯದರ್ಶಿಗಳು, ಎಣ್ಣೆ ಮಿಲ್ಲಿನ ರುದ್ರಪ್ಪನವರು, ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಇಷ್ಟು ದೊಡ್ಡ ಬಯಲಿದ್ದೂ ಅಲ್ಲೇ ಯಾಕೆ? ಸಿಮೆಂಟ್ ನೆಲ ಮೊದಲೇ ಮಟ್ಟಸವಾಗಿತ್ತಂತೆ. ಸರಿ ತಾನೆ? ಗದ್ದುಗೆ ಕಟ್ಟುವವರು ಮಟ್ಟಸವಾದ ಜಾಗ ನೋಡದೆ ಇರುತ್ತಾರೆಯೇ?

ವೇದಿಕೆಯ ಹಿಂದಿನ ಗೋಡೆಯಲ್ಲಿ ಕರಿ ಗ್ರಾನೈಟ್ ಕಲ್ಲು. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ರುದ್ರಪ್ಪನವರ ತಂದೆಯ ಹೆಸರು. ಎದುರಿಗೆ, ಉಳಿದ ಅರ್ಧದ ಕೊನೆಯಲ್ಲಿ, ಒಂಟಿ ಕಂಬಕ್ಕೆ ಒಂಟಿ ರಿಂಗ್.

ಬೇವಿನ ಮರದಡಿ ಪ್ರಿನ್ಸಿಪಾಲರು ದನಿ ಇಳಿಸಿದರು. ಆ ಅರ್ಧಕ್ಕೂ ಶೀಟ್ ಹಾಕಿ ಸಭಾಂಗಣ ಮಾಡಬೇಕೆಂದು ಕಮಿಟಿ ಹೊರಟಿದೆ. ಇವರು ಕಾಡಿ ಬೇಡಿ ಒಂದು ವಾಯಿದೆ ತಂದಿದ್ದಾರೆ. ಮುಂದಿನ ಮ್ಯಾಚ್ ಮೊಳಕಾಲ್ಮೂರಿನಲ್ಲಿ. ಗೆದ್ದರೆ ಸಭಾಂಗಣ ಇಲ್ಲ, ರಿಂಗ್ ಉಳಿಯುತ್ತದೆ. ಸೋತರೆ ಶೀಟು.

'ಉಳಿದೋರ್ ಬಿಡ್ರಿ ಸಾರ್, ಓಬಮ್ಮಂಗಾಗಿ ಕೇಳ್ತಿದೀನಿ' ಎಂದರು.

ಓಬಮ್ಮ ತಂಡದ ಕ್ಯಾಪ್ಟನ್. ಕೊಂಡ್ಲಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಎರಡು ತಿಂಗಳಲ್ಲಿ ಯೂನಿವರ್ಸಿಟಿ ತಂಡದ ಆಯ್ಕೆ ಇತ್ತು. ಅಲ್ಲಿಯವರೆಗೆ ಅವಳಿಗೆ ದಿನಾ ಬಾಲ್ ಹಾಕಲು ಒಂದು ರಿಂಗ್ ಬೇಕು. ಅವಳ ಊರಲ್ಲಿ ರಿಂಗ್ ಇಲ್ಲ. ಚಳ್ಳಕೆರೆಯಲ್ಲಿ ಅವಳ ಕೈಗೆ ಸಿಗುವುದು ಇದೊಂದೇ.

ಹುಡುಗಿಯರ ಆಟ ನೋಡಿದೆ. ಬೆರಗಾದೆ. ಇವರು ಸೋಲುವ ತಂಡವೇ? ಓಬಮ್ಮ ಹಾಕಿದ ಹತ್ತರಲ್ಲಿ ಏಳು ಒಳಗೆ. ಪಾಸ್ ಚುರುಕು. ಆದರೆ ಬಾಲ್ ರಿಂಗಿಗೆ ಬಿದ್ದ ತಕ್ಷಣ ಐದೂ ಜನ ನಿಂತುಬಿಡುತ್ತಿದ್ದರು. ಒಬ್ಬಳು ಜಡೆ ಬಿಗಿ ಮಾಡಿಕೊಳ್ಳುವಳು, ಒಬ್ಬಳು ಸೊಂಟಕ್ಕೆ ಕೈ ಕೊಡುವಳು, ಇನ್ನೊಬ್ಬಳು ನಿಧಾನವಾಗಿ ಬಾಲ್ ಎತ್ತಿಕೊಳ್ಳುವಳು.

'ಬಾಲ್ ಹಾಕಿದ ಮೇಲೆ ಅಲ್ಲೇ ಯಾಕಮ್ಮ ನಿಂತ್ಕೊಳ್ತೀರಿ? ಹಿಂದಕ್ಕೆ ಓಡಬೇಕಲ್ಲ?'

ಓಬಮ್ಮ ನನ್ನನ್ನು ಕನಿಕರದಿಂದ ನೋಡಿದಳು. 'ಎಲ್ಲಿಗ್ ಓಡಾನ ಸಾ? ಆ ಕಡೆ ಸ್ಟೇಜ್ ಐತೆ.'

ಒಂಬತ್ತು ಸೋಲಿನ ತನಿಖಾ ವರದಿ ಒಂದೇ ಸಾಲಿನಲ್ಲಿ ಮುಗಿಯಿತು. ಇವರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಒಂದೇ ದಿಕ್ಕಿನ ಆಟ. ಮ್ಯಾಚಿನಲ್ಲಿ ಇವರು ಬಾಲ್ ಹಾಕಿ ಜಡೆ ಬಿಗಿ ಮಾಡಿಕೊಳ್ಳುವಷ್ಟರಲ್ಲಿ ಎದುರಾಳಿಗಳು ಆ ತುದಿಗೆ ಹೋಗಿ ಎರಡು ಪಾಯಿಂಟ್ ಪಡೆದು ನೀರೂ ಕುಡಿಯುತ್ತಿದ್ದರು. ಇದಕ್ಕೆ ಗ್ಲೂಕೋಸ್ ಏನು ಮಾಡೀತು?

ಬಣ್ಣದ ಸೀಮೆಸುಣ್ಣ ತರಿಸಿದೆ. ನೆಲದ ಮೇಲೆ ಬರೆದು ತಂತ್ರ ವಿವರಿಸಿದೆ. ಒಬ್ಬಳು ಶಾಟ್‌ಗೆ ಬಾಲ್ ಎತ್ತಿದಳೋ, ಇಬ್ಬರು ಅದು ಬಿತ್ತೋ ಇಲ್ಲವೋ ಎಂದು ನೋಡದೆ ಹಿಂದಕ್ಕೆ ಓಡಬೇಕು. ನೋಡುವುದು ಪ್ರೇಕ್ಷಕರ ಕೆಲಸ. ಇನ್ನು ಡಿಫೆನ್ಸಿನಲ್ಲಿ ಒಬ್ಬೊಬ್ಬರ ಬೆನ್ನು ಹತ್ತಿ ಸುಸ್ತಾಗಬೇಡಿ. ರಿಂಗಿನ ಮುಂದಿನ ಜಾಗ ಹಂಚಿಕೊಂಡು ನಿಲ್ಲಿ. ಮುಂದೆ ಇಬ್ಬರು, ಹಿಂದೆ ಮೂವರು.

'ಅಂದ್ರೆ ಹೊಲ್ದಾಗಿನಂಗೆ ಅವ್ರವ್ರ ಬದ ಅವ್ರವ್ರು ಕಾಯಾದು' ಎಂದಳು ಒಬ್ಬಳು.

ಝೋನ್ ಡಿಫೆನ್ಸಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಕೇಳಿಲ್ಲ.

ತಂತ್ರವೇನೋ ಆಯಿತು. ಓಡುವುದು ಎಲ್ಲಿಗೆ? ಇದ್ದದ್ದು ವೇದಿಕೆ ಒಂದೇ. 'ಓಡಿ. ಮೆಟ್ಟಿಲು ಹತ್ತಿ. ಹಿಂದಿನ ಗೋಡೆಯ ಕಲ್ಲು ಮುಟ್ಟಿ. ತಿರುಗಿ ನಿಲ್ಲಿ' ಎಂದೆ. ತಿಪ್ಪೇಸ್ವಾಮಿ ಮೇಷ್ಟ್ರ ಮುಖ ಅರಳಿತು. ಓಡುವುದು, ಕಂಬ ಮುಟ್ಟುವುದು, ತಿರುಗುವುದು. ಅವರಿಗೆ ಬೇಕಾದ ಆಟವೇ ಕೊನೆಗೂ ಸಿಕ್ಕಿತ್ತು. ಸೀಟಿ ಬಾಯಿಗಿಟ್ಟರು.

ಮೂರು ವಾರ. ಬಾಲ್ ಹಾಕು, ಓಡು, ಹತ್ತು, ಮುಟ್ಟು. ಹುಡುಗಿಯರು ಜಿಂಕೆಗಳಾದರು.

ನಾಲ್ಕನೆಯ ವಾರದ ಮೊದಲ ದಿನ ಕಾರ್ಯದರ್ಶಿಗಳ ಕಾರು ಬಂತು. ರುದ್ರಪ್ಪನವರು ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಬಂಗಾರದ ಅಕ್ಷರಗಳ ಮೇಲೆಲ್ಲ ಬೆವರಿನ ಬೆರಳ ಗುರುತು.

'ಏನ್ರೀ ಸಾರ್ ಇದು? ತೀರ್ಕಂಡಿರೋ ನಮ್ಮಪ್ಪಾಜಿ ಹೆಸ್ರಿಗೆ ದಿನಾ ನೂರು ಏಟು ಹೊಡೀತಾರಂತಲ್ರೀ ಹುಡುಗ್ರು?'

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಉತ್ತರ ಕೊಟ್ಟವಳು ಓಬಮ್ಮ.

'ಏಟಲ್ಲ ಸಾ, ನಮಸ್ಕಾರ' ಎಂದು ಕಲ್ಲು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡಳು. ಹಿಂದಿದ್ದ ನಾಲ್ವರೂ ಒತ್ತಿಕೊಂಡರು.

ರುದ್ರಪ್ಪನವರ ಕಣ್ಣು ಒದ್ದೆಯಾಯಿತು. (ನಿಜಕ್ಕೂ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.) 'ಹಂಗಾದ್ರೆ ದಿನಾ ಮಾಡ್ರವ್ವ' ಎಂದು ಹೋದರು.

ಅಂದಿನಿಂದ ಅಭ್ಯಾಸ ಬದಲಾಯಿತು. ಬಾಲ್ ಹಾಕು, ಓಡು, ಹತ್ತು, ಮುಟ್ಟು, ಕಣ್ಣಿಗೊತ್ತಿಕೋ. ಕಾರು ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಒಂದು ಸಲವೂ ತಪ್ಪಿಸಲಿಲ್ಲ.

ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋದೆವು. ಪೂರ್ತಿ ಕೋರ್ಟ್, ಎರಡು ರಿಂಗ್. ನಮ್ಮ ಹುಡುಗಿಯರು ಆ ಎರಡನೆಯ ರಿಂಗನ್ನು ದೇವರ ಕೋಣೆಯ ಬಾಗಿಲು ನೋಡಿದ ಹಾಗೆ ನೋಡಿದರು. ಓಬಮ್ಮನ ಅವ್ವ ಕೊಂಡ್ಲಹಳ್ಳಿಯಿಂದ ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಮಗಳ ಆಟ ನೋಡುತ್ತಿದ್ದದ್ದು ಅದೇ ಮೊದಲು.

ಆಟ ಶುರುವಾಯಿತು. ಓಬಮ್ಮನ ಕೈಗೆ ಬಾಲ್ ಬಂತು. ಹೇಳಿದ ಹಾಗೆ ಇಬ್ಬರು ಹಿಂದಕ್ಕೆ ಓಡಿದರು. ನಡುಗೆರೆ ದಾಟುವಾಗ ಒಬ್ಬಳು ಕಾಲನ್ನು ಮೇಲಕ್ಕೆ ಎತ್ತಿಟ್ಟಳು, ಅಲ್ಲಿಲ್ಲದ ಮೆಟ್ಟಿಲಿಗೆ. ಬಾಲ್ ರಿಂಗಿಗೆ ಬಿತ್ತು. ಎದುರಾಳಿಗಳು ಬಾಣದ ಹಾಗೆ ಬಂದರು. ನಮ್ಮವರಿಬ್ಬರು ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪಿದ್ದರು. ತಲುಪಿ, ರಿಂಗಿನ ಕಂಬ ಮುಟ್ಟಿ, ಕಣ್ಣಿಗೊತ್ತಿಕೊಂಡರು.

ಅಷ್ಟರಲ್ಲಿ ಎರಡು ಪಾಯಿಂಟ್ ಹೋಗಿತ್ತು.

ಎರಡನೆಯ ಸಲವೂ ಅದೇ. ಮೂರನೆಯ ಸಲವೂ ಅದೇ. ರೆಫ್ರಿ ಏನೋ ಹರಕೆ ಇರಬೇಕೆಂದು ಗೌರವದಿಂದ ಸುಮ್ಮನಿದ್ದರು.

'ಸಾ, ಬಾಲ್ ಆ ಕಡೆ ಐತೆ, ನಮ್ ಹುಡ್ಗೇರು ಯಾಕೆ ಈ ಕಡೆ ಓಡಿ ಬಂದು ಕೈ ಮುಗೀತಾವೆ? ಹೆದ್ರಿಕ್ಯಂಡವಾ?' ಎಂದರು ಓಬಮ್ಮನ ಅವ್ವ.

'ಇಲ್ಲಮ್ಮ, ಅದು ತಂತ್ರ.'

'ಬೆನ್ನು ತೋರ್ಸಾದು ಒಂದು ತಂತ್ರನಾ? ಅಯ್ಯೋ ದ್ಯಾವುಡಾ!'

ಮೊದಲ ಕ್ವಾರ್ಟರ್ ಮುಗಿದಾಗ ನಾವು ಎಂಟು ಪಾಯಿಂಟ್ ಹಿಂದೆ. ಹುಡುಗಿಯರು ಏದುಸಿರು ಬಿಡುತ್ತಾ ಬಂದು ನಿಂತರು. ನನ್ನ ಜೀವಮಾನದ ಅತಿ ಮುಖ್ಯವಾದ ತಾಂತ್ರಿಕ ಸಲಹೆಯನ್ನು ಆಗ ಕೊಟ್ಟೆ.

'ನಮಸ್ಕಾರ ಬಿಡಿ. ಇಲ್ಲಿ ಕಾರು ಬರೋದಿಲ್ಲ.'

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಬಮ್ಮ ಕಿಸಕ್ಕನೆ ನಕ್ಕಳು. ಎಲ್ಲರೂ ನಕ್ಕರು. ಹತ್ತು ಮ್ಯಾಚಿನಲ್ಲಿ ಆ ತಂಡ ನಕ್ಕದ್ದು ಅದೇ ಮೊದಲಂತೆ.

ಆಮೇಲಿನದನ್ನು ನೀವು ನೋಡಬೇಕಿತ್ತು. ಮೆಟ್ಟಿಲು ಹತ್ತಿ ಪಳಗಿದ ಕಾಲುಗಳಿಗೆ ಸಪಾಟು ನೆಲ ಏನು ಲೆಕ್ಕ? ಎದುರಾಳಿಗಳು ಎಷ್ಟೇ ಬೇಗ ಬಂದರೂ ಅಲ್ಲಿ ಆಗಲೇ ನಮ್ಮವರು ನಿಂತಿರುತ್ತಿದ್ದರು, ಅವರವರ ಬದ ಕಾಯುತ್ತಾ. ಕೊನೆಯ ಕ್ವಾರ್ಟರಿನಲ್ಲಿ ಸಮ ಸಮ. ಅಂಚಿನಲ್ಲಿ ಜನ ಕನ್ನಡದಲ್ಲೂ ತೆಲುಗಿನಲ್ಲೂ ಕೂಗುತ್ತಿದ್ದರು. ಓಬಮ್ಮನ ಅವ್ವ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, 'ಎನಕ್ಕೆ ಓಡೇ! ಹಿಂದಕ್ಕೆ ಓಡೇ ನಮ್ಮವ್ವ!' ಎಂದು ಎರಡೂ ಭಾಷೆಯಲ್ಲಿ ತಂತ್ರವನ್ನೇ ಬೋಧಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಅವರು ನನಗಿಂತ ಒಳ್ಳೆಯ ಕೋಚ್ ಆಗಿದ್ದರು.

ಮೂವತ್ತೆಂಟು, ಮೂವತ್ತೈದು. ಗೆದ್ದೆವು.

ತಿಪ್ಪೇಸ್ವಾಮಿ ಮೇಷ್ಟ್ರು ಕರ್ಚೀಫು ಮುಖಕ್ಕೆ ಹಿಡಿದು ಬಹಳ ಹೊತ್ತು ಬೆವರು ಒರೆಸಿಕೊಂಡರು. ಕಣ್ಣಿನ ಹತ್ತಿರವೇ ಹೆಚ್ಚು ಬೆವರಿತ್ತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವರನ್ನು ನಾವು ಹಾಗೆಲ್ಲ ಸುಮ್ಮನೆ ಬಿಡುವ ಜನವೇ?

ಸನ್ಮಾನ ಇಟ್ಟರು. ಅದೇ ವೇದಿಕೆ. ಬ್ಯಾನರಿನಲ್ಲಿ ಕಮಿಟಿಯವರ ಫೋಟೋಗಳು ದೊಡ್ಡವು, ತಂಡದ ಫೋಟೋ ಕೆಳಗೆ ಮೂಲೆಯಲ್ಲಿ, ಸ್ಟಾಂಪಿನಷ್ಟು. ವೇದಿಕೆಯ ಮೇಲೆ ಇಪ್ಪತ್ತೊಂದು ಕುರ್ಚಿ. ಕಮಿಟಿಯವರು, ಅವರ ನೆಂಟರು, ಮಾಜಿ ಕಮಿಟಿಯವರು, ಮುಂದೆ ಕಮಿಟಿಗೆ ಬರಬೇಕೆಂದಿದ್ದವರು. ಕೊನೆಯ ಕುರ್ಚಿಯಲ್ಲಿ ನಾನು. ತಂಡಕ್ಕೆ ಕುರ್ಚಿ ಸಾಲಲಿಲ್ಲ. ಹುಡುಗಿಯರು ಕೆಳಗೆ, ತಮ್ಮ ಅರ್ಧ ಕೋರ್ಟಿನಲ್ಲಿ, ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರನ್ನೇ ಕರೆದಾಗ ಮೆಟ್ಟಿಲು ಹತ್ತಿ ಬಂದು ಹಾರ ಹಾಕಿಸಿಕೊಂಡು ಮತ್ತೆ ಇಳಿದರು. ಹತ್ತುವುದು ಅವರಿಗೆ ರೂಢಿಯಿತ್ತಲ್ಲ.

ನನಗೂ ಶಾಲು ಹೊದಿಸಿದರು. ತಂತ್ರದ ಬಗ್ಗೆ ಎರಡು ಮಾತಾಡಿ ಎಂದರು. ಆಡಿದೆ. ಎಲ್ಲರಿಗೂ ಧನ್ಯವಾದ ಹೇಳಿದೆ.

ಕೊನೆಗೆ ರುದ್ರಪ್ಪನವರು ಮೈಕ್ ಹಿಡಿದರು.

'ನಾನು ಮಾತು ಕೊಟ್ಟಿದ್ದೆ. ಗೆದ್ರೆ ಸಭಾಂಗಣ ಇಲ್ಲ ಅಂತ. ಕೊಟ್ಟ ಮಾತು ತಪ್ಪೋ ಮನೆತನ ನಮ್ದಲ್ಲ. ಸಭಾಂಗಣ ಕಟ್ಟೋದಿಲ್ಲ.'

ಹುಡುಗಿಯರು ಚಪ್ಪಾಳೆ ಹೊಡೆದರು. ಓಬಮ್ಮ ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು.

'ಆದ್ರೆ ಇವತ್ತು ನನ್ನ ಹೊಟ್ಟೆ ಉರೀತು. ಊರಿಗೆ ಕೀರ್ತಿ ತಂದ ನಮ್ಮ ಹೆಣ್ಮಕ್ಳಿಗೆ ಸ್ಟೇಜ್ ಮ್ಯಾಲೆ ಜಾಗ ಇಲ್ಲ! ಬಿಸಿಲಾಗ ನಿಂತವೆ! ಇದು ಇನ್ನೊಂದ್ಸಲ ಆಗಬಾರ್ದು. ಅದಕ್ಕೇ ನಮ್ಮಪ್ಪಾಜಿ ಹೆಸ್ರಿನ ಈ ವೇದಿಕೇನ ಮುಂದಕ್ಕೆ ಇಪ್ಪತ್ತು ಅಡಿ ವಿಸ್ತರಣೆ ಮಾಡಿಸ್ತೀನಿ. ಆ ಕಂಬಾನೂ ತೆಗೆಸ್ತೀನಿ, ಕೂತೋರಿಗೆ ಅಡ್ಡ ಆಗ್ತೈತೆ.'

ವೇದಿಕೆಯ ಮೇಲೆ ಇಪ್ಪತ್ತೊಂದು ಜನ ಚಪ್ಪಾಳೆ ಹೊಡೆದರು. ಇಪ್ಪತ್ತೊಂದನೆಯವನು ನಾನು. ಎದ್ದು ಬೇಡ ಎನ್ನಬಹುದಿತ್ತು. ಮೈಕ್ ಎರಡು ಮಾರು ದೂರದಲ್ಲಿತ್ತು. ಆದರೆ ಶಾಲು ಹೊದ್ದವನಿಗೆ ಕೈ ಎತ್ತುವುದು ಬಹಳ ಕಷ್ಟ. ಜೋಡಿಸುವುದು, ತಟ್ಟುವುದು ಸಲೀಸು. ಹುಡುಗಿಯರಿಗೆ ನಮಸ್ಕಾರ ಬಿಡಿ ಎಂದು ಕಲಿಸಿದ ಮಹಾನುಭಾವ ನಾನು.

ಸಭೆ ಮುಗಿದ ಮೇಲೆ ಓಬಮ್ಮ ಹಾರವನ್ನು ಕೈಯಲ್ಲಿ ಸುತ್ತಿಕೊಂಡು ಬಂದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು.

'ಸಾ, ನಾವು ಸೋತಿದ್ರೂ ಕಿತ್ತಿರೋರು, ಗೆದ್ರೂ ಕಿತ್ತಾರೆ. ಮತ್ತೆ ಹೆಂಗ್ ಆಡ್ಬೇಕಿತ್ತು?'

ಸೀಮೆಸುಣ್ಣ ನನ್ನ ಜೇಬಿನಲ್ಲೇ ಇತ್ತು. ಅದು ಕಾಣದ ಹಾಗೆ ಶಾಲು ಎಳೆದುಕೊಂಡೆ.

ಸೋಮವಾರ ಬೆಳಿಗ್ಗೆ ರಿಂಗಿನ ಕಂಬ ಕಿತ್ತರು. ಅದಾಗಿ ತಿಂಗಳಿಗೆ, ಕಳೆದ ಶನಿವಾರ, ಯೂನಿವರ್ಸಿಟಿ ತಂಡದ ಆಯ್ಕೆ ನಡೆಯಿತು. ಪಟ್ಟಿಯಲ್ಲಿ ಓಬಮ್ಮನ ಹೆಸರಿಲ್ಲ.