ಯಾಕೆಂದು ಕೇಳಿದವನು

ಬೀಗರ ಮೇಲೆ ಜನಕ್ಕೆ ಎಷ್ಟು ಅಭಿಪ್ರಾಯಗಳಿರುತ್ತವೋ, ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ ಬಸವಪ್ರಭುವಿಗೆ ಅಷ್ಟಿದ್ದವು. ಪುಣೆಯ ಕೋಥರೂಡಿನಿಂದ ಖರಾಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವನ ಪಕ್ಕ ಕೂತವರಿಗೆ ನಿದ್ದೆ ದಕ್ಕುತ್ತಿರಲಿಲ್ಲ.

“ಜಾವಾ ಮುದುಕ ಆಗ್ಯಾದ ಖರೆ, ಆದ್ರ ಗಾಡಿ ಎಳೀತದ. ಪೈಥಾನ್ ಭಾಳ ಸವಿ ಮಾತಾಡ್ತದ, ಹೊರೆ ಹೇರಿದ್ರ ಏದುಸಿರು ಬಿಡ್ತದ. ಜಾವಾಸ್ಕ್ರಿಪ್ಟಿನ ಸುದ್ದಿಗೆ ಹೋಗಬ್ಯಾಡ್ರಿ. ಏನು ಹೇಳಿದ್ರೂ ಹೂಂ ಅಂತದ, ಆಮ್ಯಾಲ ತನಗ ತಿಳಿದಂಗ ಮಾಡ್ತದ.”

ಮೊಬೈಲಿನಲ್ಲಿ ತಂತ್ರಜ್ಞಾನದ ಸುದ್ದಿ ಓದುವುದೂ ಅದಕ್ಕೆ ನಗುವುದೂ ಅವನಿಗೆ ಬೆಳಗಿನ ಚಹಾದಷ್ಟೇ ಅಗತ್ಯ. ಇನ್ನು ಪ್ರೋಗ್ರಾಮರುಗಳೇ ಬೇಕಿಲ್ಲ, ಎಲ್ಲ ಯಂತ್ರವೇ ಮಾಡುತ್ತದೆ ಎಂಬ ಸುದ್ದಿ ಬಂದಾಗಲೆಲ್ಲ, “ಇದು ಗಣಪತಿ ಇದ್ದಂಗ. ವರ್ಷಾ ಬರ್ತದ, ಮಂದಿ ಕುಣೀತಾರ, ಆಮ್ಯಾಲ ತಾವs ಒಯ್ದು ಮುಳುಗಿಸ್ತಾರ” ಅನ್ನುತ್ತಿದ್ದ. ಬಸ್ಸಿನ ಮರಾಠಿ ಗೆಳೆಯರಿಗೆ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದ.

ಇಂಡಿ ತಾಲೂಕಿನಿಂದ ಬಂದು ಪುಣೆಯ ಕಾಳಿನ ಪೇಟೆಯಲ್ಲಿ ಗುಮಾಸ್ತನಾದ ಅಜ್ಜನ ಮೊಮ್ಮಗ ಅವನು. ಅವನ ಕಂಪನಿ ಬಾರಾಮತಿ ಸುತ್ತಿನ ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಕಬ್ಬಿನ ಟ್ರ್ಯಾಕ್ಟರು ತೂಕದ ಕಾಟಾದ ಮೇಲೆ ಹತ್ತಿದ ಗಳಿಗೆಯಿಂದ ಎಲ್ಲ ಲೆಕ್ಕವೂ ಅದರದೇ. ಅಲ್ಲಿ ಯಾರು ಬರೆದ ಕೋಡ್ ಆದರೂ ಮೊದಲು ಬಸವಪ್ರಭುವಿನ ಕಣ್ಣಿಗೆ ಬೀಳಬೇಕು. ಅವನು ಹೂಂ ಅಂದರೆ ಒಳಗೆ, ಇಲ್ಲವಾದರೆ ವಾಪಸ್ಸು. ಮ್ಯಾನೇಜರ್ ಮಾಡುತ್ತೇವೆ ಎಂದು ಕರೆದಾಗಲೂ ಅವನು ಒಲ್ಲೆ ಅಂದಿದ್ದ. ಮನೆಯಲ್ಲಿ ಹೆಂಡತಿ ರೇಣು ತಿಂಗಳುಗಟ್ಟಲೆ ಸಿಟ್ಟು ಮಾಡಿದಳು. ಆದರೂ ಅವನಿಗೆ ಬೇಕಾದದ್ದು ಆ ಬಾಗಿಲು ಕಾಯುವ ಕೆಲಸವೊಂದೇ.

ವಾಪಸ್ಸು ಕಳಿಸುವಾಗ ಸುಮ್ಮನೆ ತಪ್ಪು ಎಂದು ಬರೆದು ಕೈತೊಳೆದುಕೊಳ್ಳುವ ಪೈಕಿ ಅವನಲ್ಲ. ಯಾಕೆ ತಪ್ಪು ಎಂದು ಉದ್ದಕ್ಕೆ ಬರೆಯುತ್ತಿದ್ದ. ಬರೆಯುವುದು ಇಂಗ್ಲಿಷಿನಲ್ಲಿ, ಗಾದೆಗಳು ಮಾತ್ರ ಅಜ್ಜಿಯವು. ಮುಂದೆಂದೋ ಬೇಕಾದೀತೆಂದು ಇಂದೇ ಯಾರಾದರೂ ಕೋಡ್ ಪೇರಿಸಿದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ ಎಂಬುದನ್ನು ಇಂಗ್ಲಿಷಿಗೆ ತಂದು ಅಂಟಿಸುತ್ತಿದ್ದ. ಓದಿದವರು ನಕ್ಕು, ತಿದ್ದಿ, ಮರೆಯುತ್ತಿದ್ದರು. ಆ ‘ಯಾಕೆ’ಯನ್ನು ಪೂರ್ತಿ ಓದಿ, ಎದುರು ಬಂದು ಇನ್ನೊಂದು ‘ಯಾಕೆ’ ಕೇಳುವವನಿಗಾಗಿ ಬಸವಪ್ರಭು ಇಡೀ ನೌಕರಿಯುದ್ದಕ್ಕೂ ಕಾದಿದ್ದ.

ಹಾಗೆ ಬಂದವನು ಸ್ವಪ್ನಿಲ್. ಸೋಲಾಪುರದ ಕನ್ನಡ ಮನೆಯ ತರುಣ, ಮರಾಠಿ ಶಾಲೆಯಲ್ಲಿ ಓದಿದವನು. ಆಫೀಸಿನ ಕೆಳಗಿನ ಚಹಾದ ಗಾಡಿಯ ಹತ್ತಿರ ಮೊದಲ ಸಲ ಕನ್ನಡದಲ್ಲಿ “ಸರ್, ನೀವು ಇದನ್ನ ಬ್ಯಾಡ ಅಂದ್ರಲ್ಲ, ಯಾಕ್ರಿ?” ಎಂದು ಕೇಳಿದಾಗ ಬಸವಪ್ರಭುವಿಗೆ ತೌರಿನವರು ಬಂದಷ್ಟು ಸಂತೋಷವಾಯಿತು. ಅಂದಿನಿಂದ ದಿನಾ ಒಂದು ‘ಯಾಕ್ರಿ’. ಹಳೆಯ ಟಿಪ್ಪಣಿಗಳನ್ನೂ ಹೆಕ್ಕಿ ತರುತ್ತಿದ್ದ: ಇಲ್ಲಿ ಬಿಟ್ಟಿರಿ, ಅಲ್ಲಿ ತಡೆದಿರಿ, ಏನು ಫರಕು? ಎಷ್ಟೋ ರವಿವಾರ ಕೋಥರೂಡಿನ ಮನೆಗೇ ಬಂದ. ರೇಣು ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸುತ್ತಿದ್ದಳು. ಅವನು ಉಣ್ಣುತ್ತಾ ಕೇಳುತ್ತಿದ್ದ, ಇವನು ಉಣ್ಣುವುದನ್ನು ಬಿಟ್ಟು ಹೇಳುತ್ತಿದ್ದ.

“ಬಾಯಿಲೆ ಹೇಳಿದ್ದು ಮರೀತದ ಸರ್, ಬರೆದು ಕಳಸ್ರಿ” ಅಂದರೆ ಇವನು ಬರೆದೂ ಕಳಿಸುತ್ತಿದ್ದ.

ಒಂದು ಸೋಮವಾರ ಬಸವಪ್ರಭು ತಾನೇ ಬರೆದ ಒಂದಿಷ್ಟು ಕೋಡ್ ತಪಾಸಣೆಗೆ ಹಾಕಿದ್ದ. ಚಹಾ ಕುಡಿದು ಬಂದು ನೋಡಿದರೆ ಅದರ ಕೆಳಗೆ ಆಗಲೇ ಟಿಪ್ಪಣಿ ಬಿದ್ದಿದೆ. ಕೂಸು ಇನ್ನೂ ಹುಟ್ಟಿಲ್ಲ, ಕುಲಾವಿ ಯಾಕೆ? ಅದರ ಮುಂದೆ ಕಾರಣವೂ ಇದೆ, ಅವನೇ ಬರೆಯುವ ರೀತಿಯಲ್ಲಿ. ಕಾರಣ ಸರಿಯಾಗಿಯೂ ಇತ್ತು. ಬಸವಪ್ರಭುವಿನ ಎದೆ ಉಬ್ಬಿತು. ಹುಡುಗ ಕಲಿತನಪ್ಪಾ, ಗುರುವಿನ ಕಿವಿಯನ್ನೇ ಹಿಂಡಿದ ಎಂದು ಒಬ್ಬನೇ ನಕ್ಕ. ಶಾಭಾಸ್ ಹೇಳೋಣವೆಂದು ಹೆಸರು ನೋಡಿದ. ಸ್ವಪ್ನಿಲನ ಹೆಸರಿರಲಿಲ್ಲ. ಮನುಷ್ಯರ ಹೆಸರೇ ಇರಲಿಲ್ಲ. ಕಂಪನಿ ಹೊಸದಾಗಿ ಹಚ್ಚಿದ ಎಐ ಯಂತ್ರದ ಗುರುತಿತ್ತು.

ಮಧ್ಯಾಹ್ನ ಮ್ಯಾನೇಜರ್ ನೀಲಿಮಾ ಎಲ್ಲರನ್ನೂ ಕೂಡಿಸಿ ಚಪ್ಪಾಳೆ ಹೊಡೆಸಿದಳು. ಇನ್ನು ಮೇಲೆ ಕೋಡ್ ನೋಡಿ ಹೂಂ ಅನ್ನುವುದು ಯಂತ್ರ. ಅದಕ್ಕೆ ಬಸವಪ್ರಭುವಿನ ವರ್ಷಗಳ ಟಿಪ್ಪಣಿಯನ್ನೂ ವಿವರಣೆಗಳನ್ನೂ ಉಣಿಸಿ ತಯಾರು ಮಾಡಿದವನು ಸ್ವಪ್ನಿಲ್. ಬಸವಪ್ರಭು ಸರ್ ಇನ್ನು ಆರಾಮಾಗಿ ಸಲಹೆಗಾರರು. ಎಲ್ಲರೂ ಅವನ ಕಡೆ ತಿರುಗಿ ನಕ್ಕರು. ಸನ್ಮಾನ ಮಾಡಿ ಮೂಲೆಗೆ ಕೂರಿಸುವುದೆಂದರೆ ಇದೇ. ಅವನೂ ಚಪ್ಪಾಳೆ ಹೊಡೆದ, ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ.

ಕೆಳಗೆ ಚಹಾದ ಗಾಡಿಯ ಹತ್ತಿರ ಸ್ವಪ್ನಿಲ್ ಸಿಕ್ಕ. ತಪ್ಪಿಸಿಕೊಳ್ಳಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನೇ.

“ನಿನಗ ಕಲೀಲಿಕ್ಕೆ ಬೇಕಾಗಿತ್ತೋ, ಆ ಮಷೀನಿಗೆ ಕಲಿಸ್ಲಿಕ್ಕೆ ಬೇಕಾಗಿತ್ತೋ?” ಬಸವಪ್ರಭು ಕೇಳಿದ.

“ಸರ್, ನೀವs ಹೇಳ್ತಿದ್ರಿ. ಅದs ಕೆಲಸ ಮತ್ತ ಮತ್ತ ಮಾಡೂದು ಬಂತಂದ್ರ ಮಷೀನಿಗೆ ಹಚ್ಚಬೇಕು ಅಂತ.”

ಹೌದು, ಹೇಳಿದ್ದ. ಪ್ರತಿ ಹೊಸಬನಿಗೂ ಮೊದಲ ಪಾಠವೇ ಅದು. ತನ್ನ ಕೆಲಸವೂ ಅದರೊಳಗೆ ಬರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಊರವರ ಕೆಲಸವೆಲ್ಲ ಯಂತ್ರ ಮಾಡಬಹುದಾದದ್ದು, ತನ್ನದು ಮಾತ್ರ ವಿವೇಕ ಎಂದು ನಂಬಿಕೊಂಡಿದ್ದ. ನಮ್ಮ ಪ್ರೋಗ್ರಾಮರುಗಳ ಬುದ್ಧಿಯೇ ಇಷ್ಟು.

“ಆತು. ನನಗ ಒಂದು ಮಾತು ಹೇಳಬೇಕಾಗಿತ್ತಿಲ್ಲೋ? ಕೇಳಿದ್ರ ನಾನs ಕೊಡ್ತಿದ್ದೆ.”

ಸ್ವಪ್ನಿಲ್ ಕಪ್ಪಿನೊಳಗೆ ನೋಡಿದ. “ನೀಲಿಮಾ ಮ್ಯಾಡಮ್ ಹೇಳಬ್ಯಾಡ ಅಂದಿದ್ರು ಸರ್. ಗೊತ್ತಾದ್ರ ನೀವು ಸಂಭಾಳಿಸಿ ಬರೀತೀರಿ, ಸಹಜ ಬರೂದಿಲ್ಲ ಅಂತ.”

“ರವಿವಾರ ಮನೀಗೆ ಬರ್ತಿದ್ದಿ. ಅದೂ ಅದಕ್ಕs ಏನು?”

“ಸುರುವಿಗೆ ಅದಕ್ಕs ಸರ್,” ಅಂದ ಸ್ವಪ್ನಿಲ್. “ಆಮ್ಯಾಲ ಇಲ್ಲ.”

ಆಮೇಲಿನದನ್ನು ನಂಬಲು ಬಸವಪ್ರಭುವಿನಲ್ಲಿ ಏನೂ ಉಳಿದಿರಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ರವಿವಾರಗಳು ಹೋದದ್ದು ಅವನನ್ನು ಹೆಚ್ಚು ಸುಟ್ಟಿತು. ಮನೆಯಲ್ಲಿ ರೇಣು ಕೇಳಿ, “ಉಂಡ ಮನೀಗೆ ಎರಡು ಬಗದಾ. ಕೈಯಾರೆ ಬಡಿಸಿದ್ನಲ್ರಿ ನಾ” ಎಂದು ಕಣ್ಣೊರೆಸಿಕೊಂಡಳು. ಅವನು ಅವಳನ್ನು ಸಮಾಧಾನ ಮಾಡಲೂ ಇಲ್ಲ.

ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಸುಳ್ಳು ಹೇಳುವುದು ಬಸವಪ್ರಭುವಿನ ಜಾಯಮಾನವಲ್ಲ, ಕೇಳಿದವರಿಗೆ ಚೆನ್ನಾಗಿದೆ ಅಂದ. ಬಸ್ಸಿನಲ್ಲಿ ಮಾತ್ರ ಮಾತು ನಿಲ್ಲಿಸಿದ, ಪಕ್ಕದವರು ನಿದ್ದೆ ಮಾಡತೊಡಗಿದರು.

ಕಬ್ಬಿನ ಹಂಗಾಮು ಹತ್ತಿರ ಬಂದಾಗ ಸ್ವಪ್ನಿಲ್ ಬರೆದ ಒಂದು ಕೋಡ್ ಯಂತ್ರದ ಹೂಂ ಪಡೆದು ಒಳಗೆ ಹೋಗಲು ನಿಂತಿತ್ತು. ಚಟ ಬಿಡದೆ ಬಸವಪ್ರಭು ಕಣ್ಣಾಡಿಸಿದ. ಕಾಟಾದ ಹತ್ತಿರ ನೆಟ್‌ವರ್ಕ್ ನಡುವೆ ಹೋದರೆ ಆ ಕೋಡ್ ತೂಕವನ್ನು ಮತ್ತೆ ಕಳಿಸುತ್ತಿತ್ತು. ಒಂದೇ ಟ್ರ್ಯಾಕ್ಟರು ಎರಡು ಸಲ ಬಂದಂತೆ ದಾಖಲಾಗುತ್ತಿತ್ತು. ಅವನು ಬರೆಯತೊಡಗಿದ. ಬಾರಾಮತಿಯಲ್ಲಿ ಹಂಗಾಮಿನ ಹೊತ್ತಿಗೆ ಕಾಟಾದ ಪಕ್ಕ ನಿಂತದ್ದು, ಅಲ್ಲಿ ಕರೆಂಟು ಹೇಗೆ ಹೋಗಿ ಬರುತ್ತದೆ, ಆಗ ಸಾಲಿನಲ್ಲಿ ನಿಂತವರ ಗದ್ದಲ, ಎಲ್ಲ ಉಕ್ಕಿ ಬಂತು. ಪರದೆ ತುಂಬಿತು. ಆಗ ನೆನಪಾಯಿತು, ಇಲ್ಲಿ ಬರೆದದ್ದೆಲ್ಲ ಯಂತ್ರದ ಹೊಟ್ಟೆಗೇ ಹೋಗುತ್ತದೆ. ಒಂದೊಂದೇ ಸಾಲು ಅಳಿಸಿದ. ಕೊನೆಗೆ ‘ಇದನ್ನು ಒಳಗೆ ಬಿಡಬೇಡಿ’ ಎಂದಷ್ಟೇ ಉಳಿಸಿ ಕಳಿಸಿದ. ಕಾಟಾದ ಲೆಕ್ಕದಲ್ಲಿ ಮೋಸ ಆಗಬಾರದಲ್ಲ.

ಸ್ವಲ್ಪ ಹೊತ್ತಿಗೆ ಸ್ವಪ್ನಿಲ್ ಬಂದು ಕುರ್ಚಿಯ ಪಕ್ಕ ನಿಂತ. ಮುಖ ಬಾಡಿತ್ತು.

“ಎಷ್ಟು ನೋಡಿದ್ರೂ ತಿಳೀವಲ್ದು ಸರ್. ಯಾಕ್ರಿ?”

ಈ ಸಲ ಅವನು ತನಗಾಗಿ ಕೇಳುತ್ತಿದ್ದಾನೋ ಯಂತ್ರಕ್ಕಾಗಿ ಕೇಳುತ್ತಿದ್ದಾನೋ ಎಂದು ಬಸವಪ್ರಭು ಅವನ ಮುಖವನ್ನು ನೋಡಿದ. ಗೊತ್ತಾಗಲಿಲ್ಲ. ಉತ್ತರ ಬಾಯಿಯವರೆಗೆ ಬಂದಿತ್ತು.

“ನೀನs ನೋಡು,” ಅಂದು ಪರದೆಯ ಕಡೆ ತಿರುಗಿದ.

ಸ್ವಪ್ನಿಲ್ ಇನ್ನೂ ಅಲ್ಲೇ ನಿಂತಿದ್ದ. ತನ್ನಿಂದ ಇಂಥ ಮಾತು ಆಡಿಸಿದನಲ್ಲ ಎಂದು ಬಸವಪ್ರಭುವಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.